ಸಂತ ಜೋಸೆಫ್ ವಾಜ್: ಕೆನರಾದ ಮೂರು ವರ್ಷ, ಸಿಲೋನಿನ ಇಪ್ಪತ್ನಾಲ್ಕು ವರ್ಷ

ಕರಾವಳಿಯಲ್ಲಿ ಹುಟ್ಟಿ ಬೆಳೆದ ಯುವ ಗುರುವೊಬ್ಬರನ್ನು ರಾಯಚೂರು ಜಿಲ್ಲೆಯ ಮಲ್ಲಟದಂಥ ಊರಿಗೆ ಸೇವೆಗೆ ಕಳುಹಿಸಿದರೆ, ಮನೆಯವರು ಮೊದಲು ಅಲ್ಲಿನ ಬಿಸಿಲಿನ ಬಗ್ಗೆ ಕೇಳುತ್ತಾರೆ, ಆಮೇಲೆ ಊಟದ ಬಗ್ಗೆ. ಕುಚ್ಚಲಕ್ಕಿ ಗಂಜಿ ಬಿಟ್ಟು ಜೋಳದ ರೊಟ್ಟಿಗೆ ಒಗ್ಗಿಕೊಳ್ಳಬೇಕು. ಭಾಷೆ ಕನ್ನಡವೇ ಆದರೂ ಧಾಟಿ ಬೇರೆ. ಒಂದೇ ರಾಜ್ಯದೊಳಗೆ ಇಷ್ಟಿರುವಾಗ, ಮೂರು ಶತಮಾನಗಳ ಹಿಂದೆ ಗೋವೆಯಿಂದ ಪರರಾಜ್ಯಕ್ಕೆ ಹೊರಟ ಯುವ ಗುರುವಿನ ಪಾಡು ಹೇಗಿದ್ದೀತು? ಸಂತ ಜೋಸೆಫ್ ವಾಜರ ಹೆಸರು ನಮಗೆಲ್ಲ ಪರಿಚಿತ. ಆದರೆ ನಾವು ಅವರನ್ನು ನೆನೆಯುವುದು ಸಿಲೋನಿನ ಅಪೊಸ್ತಲರೆಂದು. ಅದಕ್ಕೆ ಮೊದಲು ಅವರು ನಮ್ಮ ನೆಲದಲ್ಲಿ ಪಟ್ಟ ಪಾಡು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ.

ಅವರು 1651ರ ಏಪ್ರಿಲ್ 21ರಂದು ಗೋವೆಯ ಬೆಣಾವಳಿಯಲ್ಲಿ, ತಾಯಿಯ ಊರಿನಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆಯಾಯಿತು. ಡಚ್ಚರ ಕೈವಶವಾಗಿದ್ದ ಸಿಲೋನಿನಲ್ಲಿ ಕಥೋಲಿಕರಿಗೆ ಒಬ್ಬ ಗುರುವೂ ಇಲ್ಲವೆಂಬ ಸುದ್ದಿ ತಿಳಿದಂದಿನಿಂದ ಅಲ್ಲಿಗೆ ಹೋಗಬೇಕೆಂಬುದೇ ಅವರ ಹಂಬಲ. ಆದರೆ 1681ರಲ್ಲಿ ಬಂದ ನೇಮಕ ಕೆನರಾಕ್ಕೆ, ವಿಗಾರ್ ವಾರ್ ಆಗಿ. ಆಗ ಅವರಿಗೆ 30 ವರ್ಷ.

ಕೆನರಾ ಪೋರ್ಚುಗೀಸರ ರಾಜ್ಯವಲ್ಲ. ಇಲ್ಲಿ ಆಳುತ್ತಿದ್ದವರು ಕೆಳದಿಯ ರಾಣಿ ಚೆನ್ನಮ್ಮಾಜಿ. ಹಾಗೆಂದು ವಾಜರಿಗೆ ತೊಂದರೆ ಎದುರಾದದ್ದು ರಾಣಿಯಿಂದಲ್ಲ, ಧರ್ಮಸಭೆಯ ಒಳಗಿನಿಂದಲೇ. ಪೋರ್ಚುಗಲ್ಲಿನ ಅರಸರಿಗೆ ಪೂರ್ವದೇಶಗಳ ಧರ್ಮಸಭೆಯ ಮೇಲೆ ಪದ್ರುವಾದೊ ಎಂಬ ಹಕ್ಕಿತ್ತು. ರೋಮಿನ ಪ್ರೊಪಗಾಂಡ ಸಂಸ್ಥೆ ಅದೇ ಪ್ರದೇಶಕ್ಕೆ ಗೋವೆಯವರೇ ಆದ ಧರ್ಮಾಧ್ಯಕ್ಷ ಥೋಮಸ್ ದೆ ಕಾಸ್ತ್ರೊ ಅವರನ್ನು ನೇಮಿಸಿತ್ತು. 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ದೇವಾಲಯ ಕಟ್ಟಿಸಿದವರು ಇವರೇ. ಗೋವೆಯ ಕಡೆಯವರು ಇವರ ಅಧಿಕಾರವನ್ನು ಒಪ್ಪಲಿಲ್ಲ. ಜನರು ಎರಡು ಪಾಳೆಯವಾದರು. ಯಾರ ಬಳಿ ಪಾಪನಿವೇದನೆ ಮಾಡಿದರೆ ಸಿಂಧು, ಯಾರು ಆಶೀರ್ವದಿಸಿದ ಮದುವೆ ಸಿಂಧು ಎಂಬ ಗೊಂದಲ ಮನೆಮನೆಗೂ ಹೊಕ್ಕಿತು.

ವಾಜ್ ಬಂದಿದ್ದು ಗೋವೆಯ ಪರವಾಗಿ. ಆದರೂ ಅವರು ನೇರ ಕಾಸ್ತ್ರೊ ಅವರ ಬಳಿಗೆ ಹೋಗಿ, ನೇಮಕಪತ್ರ ತೋರಿಸಬೇಕೆಂದು ವಿನಂತಿಸಿದರು. ಪತ್ರ ಸರಿಯಾಗಿಯೇ ಇತ್ತು. ಅಂದಿನಿಂದ ಅವರನ್ನು ಧರ್ಮಾಧ್ಯಕ್ಷರೆಂದೇ ಗೌರವಿಸುವಂತೆ ಜನರಿಗೆ ತಿಳಿಹೇಳಿದರು. ರೋಮಿನಿಂದ ತೀರ್ಮಾನ ಬರುವವರೆಗೆ ಕಾಸ್ತ್ರೊ ತಮ್ಮ ಅಧಿಕಾರವನ್ನು ವಾಜರಿಗೆ ವಹಿಸಿಕೊಟ್ಟರು. ಇಬ್ಬರ ಮಾನವೂ ಉಳಿಯಿತು, ಜನರ ಸಂಶಯವೂ ನೀಗಿತು.

ಇದು ಹೆಚ್ಚು ದಿನ ಬಾಳಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗೋವೆಗೆ ಬಂದ ಹೊಸ ಮಹಾಧರ್ಮಾಧ್ಯಕ್ಷರಿಗೆ ಈ ಒಪ್ಪಂದ ಹಿಡಿಸಲಿಲ್ಲ. ಕಾಸ್ತ್ರೊ ಅವರನ್ನು ವಿರೋಧಿಸಲೇಬೇಕೆಂದು ಆಜ್ಞೆ ಬಂತು. ಆಜ್ಞೆ ಮೀರುವಂತಿಲ್ಲ, ಜಗಳ ಹಚ್ಚುವ ಮನಸ್ಸೂ ಇಲ್ಲ. ಧರ್ಮಪ್ರಚಾರಕರು ಕಾಡಿನಲ್ಲಿ ಹುಲಿಗೆ ಹೆದರಿದ ಕಥೆಗಳನ್ನು ನಾವು ಆಸಕ್ತಿಯಿಂದ ಕೇಳುತ್ತೇವೆ. ಮೇಲಿನವರ ಎರಡು ಮಾತುಗಳ ನಡುವೆ ಸಿಕ್ಕಿಬಿದ್ದ ಕಿರಿಯ ಗುರುವಿನ ಸಂಕಟ ಅದಕ್ಕಿಂತ ಕಡಿಮೆಯದೆಂದು ನಮಗೆ ಅನಿಸುವುದಿಲ್ಲ.

ಈ ಗದ್ದಲದ ನಡುವೆಯೇ ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳಲ್ಲಿ ಅವರ ಸೇವೆ ನಡೆಯಿತು. ಸಣ್ಣ ಶಾಲೆಗಳನ್ನು ತೆರೆದರು, ಭಕ್ತ ಸಂಘಗಳನ್ನು ಕಟ್ಟಿದರು, ಗುಲಾಮರಾಗಿದ್ದ ಕ್ರೈಸ್ತರನ್ನು ಹಣ ಕೊಟ್ಟು ಬಿಡಿಸಿದರು. ಮುಡಿಪುವಿನ ಗುಡ್ಡದಲ್ಲಿ ಅವರ ಪ್ರಾರ್ಥನೆಯಿಂದ ನೀರಿನ ಒರತೆಗಳು ಹುಟ್ಟಿದವೆಂಬ ಪರಂಪರೆಯ ಕಥೆಯನ್ನು ಅಲ್ಲಿನ ಪುಣ್ಯಕ್ಷೇತ್ರಕ್ಕೆ ಹೋದವರೆಲ್ಲ ಬಲ್ಲರು. 1684ರಲ್ಲಿ ಅವರು ತಾವಾಗಿ ಕೇಳಿಕೊಂಡು ಹುದ್ದೆಯಿಂದ ಬಿಡುಗಡೆ ಪಡೆದರು. ವ್ಯಾಜ್ಯವನ್ನು ಬಗೆಹರಿಸಲು ಅವರಿಂದ ಆಗಲಿಲ್ಲ. ಇದನ್ನು ಮುಚ್ಚಿಡಬೇಕಾದ ಕಾರಣ ನಮಗೆ ಕಾಣುವುದಿಲ್ಲ.

1685ರಲ್ಲಿ ಅವರು ಗೋವೆಯಲ್ಲಿ ಸ್ಥಳೀಯ ಗುರುಗಳ ಒಂದು ಸಣ್ಣ ಬಳಗವನ್ನು ಸೇರಿದರು. ಅದೇ ಓರೇಟರಿ ಸಭೆಯಾಯಿತು. ಮರುವರ್ಷ ಸಿಲೋನಿಗೆ ಹೊರಟಾಗ ಜೊತೆಗಿದ್ದವರಲ್ಲಿ ಜಾನ್ ಎಂಬ ಸೇವಕನೂ ಒಬ್ಬ. ಗುರುವಿನ ನಿಲುವಂಗಿ ಕಂಡರೆ ಡಚ್ಚರು ಬಿಡುವುದಿಲ್ಲ. ಆದ್ದರಿಂದ ಕೂಲಿಯವನ ವೇಷ, ಬರಿಗಾಲು. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಹಸಿದು ಬಳಲಿ 1687ರಲ್ಲಿ ಜಾಫ್ನಾ ತಲುಪುವ ಹೊತ್ತಿಗೆ ರಕ್ತಭೇದಿ ಹಿಡಿದಿತ್ತು. ಸೋಂಕಿನ ಭಯದಿಂದ ಜನರು ಅವರನ್ನು ಊರ ಹೊರಗೆ ಬಿಟ್ಟರೆಂದೂ, ಒಬ್ಬ ಹೆಂಗಸು ದಿನವೂ ಗಂಜಿ ತಂದುಕೊಟ್ಟು ಉಳಿಸಿದಳೆಂದೂ ಚರಿತ್ರೆಕಾರರು ಹೇಳುತ್ತಾರೆ. ಇಷ್ಟು ವರ್ಷ ಕನಸು ಕಂಡ ನಾಡಿನಲ್ಲಿ ದೊರೆತ ಮೊದಲ ಸ್ವಾಗತ ಇದು.

ಕಥೋಲಿಕರು ಯಾರೆಂದು ತಿಳಿಯುವುದು ಹೇಗೆ? ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋಗುತ್ತಾ, ಅದನ್ನು ಕಂಡವರ ಮುಖ ನೋಡುತ್ತಿದ್ದರು. ಹೀಗೆ ಒಂದೊಂದೇ ಮನೆ ತೆರೆಯಿತು. ರಾತ್ರಿ ಬಲಿಪೂಜೆ, ಬೆಳಗಾಗುವುದರೊಳಗೆ ಜಾಗ ಖಾಲಿ. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ದಾಳಿಯಿಟ್ಟು ನೆರೆದವರನ್ನು ಹಿಡಿದರು. ವಾಜ್ ತಪ್ಪಿಸಿಕೊಂಡರು. ತಾವು ಉಳಿದು, ತಮ್ಮನ್ನು ಬಚ್ಚಿಟ್ಟವರು ಸೆರೆ ಸೇರಿದ ನೋವು ಎಂಥದೆಂದು ನಾವು ಊಹಿಸಬಹುದಷ್ಟೆ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅವರೇ ಸೆರೆಯಾದರು. ಸೆರೆಯಲ್ಲಿ ಕುಳಿತು ಸಿಂಹಳ ಕಲಿತರು. ಮರುವರ್ಷದ ಬರಗಾಲದಲ್ಲಿ ಅವರ ಪ್ರಾರ್ಥನೆಗೆ ಮಳೆ ಬಂದಿತೆಂದು ಪರಂಪರೆ ಹೇಳುತ್ತದೆ. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯ ಅವರಿಗೆ ತನ್ನ ರಾಜ್ಯದಲ್ಲಿ ಸೇವೆಯ ಸ್ವಾತಂತ್ರ್ಯ ಕೊಟ್ಟನು. 1697ರಲ್ಲಿ ಸಿಡುಬು ಹಬ್ಬಿ, ರೋಗಿಗಳನ್ನು ಮನೆಯವರೇ ಬಿಟ್ಟುಹೋದಾಗ, ಗುಡಿಸಲು ಕಟ್ಟಿ ಆರೈಕೆ ಮಾಡಿದವರಲ್ಲಿ ವಾಜ್ ಮುಂದಿದ್ದರು. ಜಾಫ್ನಾದಲ್ಲಿ ರೋಗಿಯಾಗಿ ಊರ ಹೊರಗೆ ಬಿದ್ದಿದ್ದ ದಿನಗಳನ್ನು ಅವರು ಮರೆತಿರಲಾರರು.

ಗೋವೆಯಿಂದ ಓರೇಟರಿಯ ಗುರುಗಳು ಒಬ್ಬೊಬ್ಬರಾಗಿ ನೆರವಿಗೆ ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಹೇರಳವಾಗಿ ಬರೆದರು. ಧರ್ಮಾಧ್ಯಕ್ಷ ಪದವಿಯ ಮಾತು ಬಂದಾಗ ವಾಜ್ ಬೇಡವೆಂದರು. ಕೆನರಾದಲ್ಲಿ ಪೀಠಕ್ಕಾಗಿ ನಡೆದದ್ದನ್ನು ಕಣ್ಣಾರೆ ಕಂಡವರು ಅವರು.

1711ರ ಜನವರಿ 16ರಂದು, 59ನೆಯ ವಯಸ್ಸಿನಲ್ಲಿ, ಅವರು ಕ್ಯಾಂಡಿಯಲ್ಲಿ ತೀರಿಕೊಂಡರು. ಹೊರಟ ಮೇಲೆ ಮತ್ತೆ ಗೋವೆಯನ್ನು ನೋಡಲಿಲ್ಲ. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಪುಣ್ಯವಂತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಜಗದ್ಗುರು ಫ್ರಾನ್ಸಿಸರು ಸಂತ ಪದವಿಗೇರಿಸಿದರು. ಅವರ ಸಮಾಧಿ ಕ್ಯಾಂಡಿಯಲ್ಲಿ ಎಲ್ಲಿದೆಯೆಂಬ ಗುರುತು ಮಾತ್ರ ಉಳಿದಿಲ್ಲ.