ಎ. ಲಲಿತಾ

ಅಯ್ಯಲಸೋಮಯಾಜುಲ ಲಲಿತಾ (ಆಗಸ್ಟ್ ೨೭, ೧೯೧೯ – ಅಕ್ಟೋಬರ್ ೧೨, ೧೯೭೯) ಭಾರತದಲ್ಲಿ ಇಂಜಿನಿಯರಿಂಗ್ ಪದವಿ ಪಡೆದ ಮೊದಲ ಮಹಿಳೆಯರಲ್ಲಿ ಒಬ್ಬರು. ಹದಿನೆಂಟನೆಯ ವಯಸ್ಸಿನಲ್ಲಿ ವೈಧವ್ಯವನ್ನು ಎದುರಿಸಿದ ಇವರು, ಹಸುಗೂಸಿನ ತಾಯಿಯಾಗಿದ್ದುಕೊಂಡೇ ಮರಳಿ ಓದಿಗೆ ತೊಡಗಿ, ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಿಂದ ವಿದ್ಯುತ್ ಇಂಜಿನಿಯರಿಂಗ್ ಪದವಿ ಪಡೆದರು.

ಜನನ, ವಿವಾಹ

ಲಲಿತಾ ಅವರು ಮದರಾಸಿನ ಮಧ್ಯಮ ವರ್ಗದ ತೆಲುಗು ಕುಟುಂಬವೊಂದರಲ್ಲಿ, ಏಳು ಮಕ್ಕಳಲ್ಲಿ ಐದನೆಯವರಾಗಿ ಜನಿಸಿದರು. ತಂದೆ ಪಪ್ಪು ಸುಬ್ಬರಾವ್ ಗಿಂಡಿ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದರು. ಗಂಡುಮಕ್ಕಳು ಇಂಜಿನಿಯರುಗಳಾಗುವುದು, ಹೆಣ್ಣುಮಕ್ಕಳು ಬೇಗನೆ ಮದುವೆಯಾಗಿ ಹೋಗುವುದು ಆ ಮನೆಯ ವಾಡಿಕೆ. ಅದರಂತೆ ೧೯೩೪ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಲಲಿತಾ ಅವರ ವಿವಾಹವಾಯಿತು. ಆದರೂ ಹತ್ತನೆಯ ತರಗತಿಯವರೆಗೆ ಓದು ನಿಲ್ಲದಂತೆ ತಂದೆ ನೋಡಿಕೊಂಡರು. ೧೯೩೭ರಲ್ಲಿ ಮಗಳು ಹುಟ್ಟಿದಳು. ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಪತಿ ತೀರಿಕೊಂಡರು.

ಮರಳಿ ಕಾಲೇಜಿಗೆ

ಅಂದಿನ ಸಂಪ್ರದಾಯಸ್ಥ ಮನೆತನಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ, ಅವಳೆಷ್ಟೇ ಚಿಕ್ಕವಳಾಗಿದ್ದರೂ, ತಲೆ ಬೋಳಿಸುವುದು, ಏಕಾಂತ, ಅಡುಗೆಮನೆಯ ದುಡಿಮೆ ಇವೇ ವಿಧಿಸಲ್ಪಡುತ್ತಿದ್ದವು. ಲಲಿತಾ ತವರಿಗೆ ಮರಳಿ, ತಮ್ಮ ಮತ್ತು ಮಗುವಿನ ಜೀವನಕ್ಕೆ ಆಧಾರವಾಗಬಲ್ಲ ವೃತ್ತಿಶಿಕ್ಷಣ ಪಡೆಯಲು ನಿರ್ಧರಿಸಿದರು. ಮೊದಲು ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರು.

ಮುಂದೇನು ಎಂಬ ಪ್ರಶ್ನೆ ಬಂದಾಗ ವೈದ್ಯಕೀಯವು ಸಹಜವಾದ ಆಯ್ಕೆಯಾಗಿತ್ತು. ಆ ವೇಳೆಗಾಗಲೇ ಮದರಾಸಿನಲ್ಲಿ ಮಹಿಳಾ ವೈದ್ಯರಿದ್ದರು. ಆದರೆ ವೈದ್ಯರಿಗೆ ನಡುರಾತ್ರಿಯಲ್ಲೂ ಕರೆ ಬರುತ್ತದೆ. ಕೂಸನ್ನು ಬಿಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವುದು ಅವರಿಗೆ ಬೇಕಿರಲಿಲ್ಲ. ನಿಗದಿತ ವೇಳೆಯ ಕೆಲಸವೆಂಬ ಕಾರಣಕ್ಕೆ, ತಂದೆಯೂ ಅಣ್ಣಂದಿರೂ ಹಿಡಿದ ಇಂಜಿನಿಯರಿಂಗ್ ದಾರಿಯನ್ನೇ ಆರಿಸಿಕೊಂಡರು. ಇವರ ಸಾಹಸವನ್ನು ಕೊಂಡಾಡುವವರು ಈ ಅಂಶವನ್ನು ಸಾಮಾನ್ಯವಾಗಿ ಮರೆಯುತ್ತಾರೆ: ದಾಖಲೆ ನಿರ್ಮಿಸುವ ಹಂಬಲಕ್ಕಿಂತ ಮಗುವಿನ ಪಾಲನೆಯ ಲೆಕ್ಕಾಚಾರವೇ ಅವರನ್ನು ಅಲ್ಲಿಗೆ ಕರೆದೊಯ್ದಿತು.

ಗಿಂಡಿ ಕಾಲೇಜಿನಲ್ಲಿ ಅದುವರೆಗೆ ವಿದ್ಯಾರ್ಥಿನಿಯರೇ ಇರಲಿಲ್ಲ. ತಂದೆ ಪ್ರಾಂಶುಪಾಲ ಕೆ. ಸಿ. ಚಾಕೊ ಅವರ ಬಳಿ ವಿಷಯ ಪ್ರಸ್ತಾಪಿಸಿದರು. ಸಾರ್ವಜನಿಕ ಶಿಕ್ಷಣ ನಿರ್ದೇಶಕ ಆರ್. ಎಂ. ಸ್ಟೇಥಮ್ ಅವರ ಒಪ್ಪಿಗೆಯೂ ದೊರೆಯಿತು. ನೂರಾರು ಹುಡುಗರ ನಡುವೆ ಒಬ್ಬಳೇ ಹುಡುಗಿ ಹಾಸ್ಟೆಲ್‌ನಲ್ಲಿರಬೇಕಾಯಿತು. ಮಗು ಮನೆಯವರ ಆರೈಕೆಯಲ್ಲಿ ಬೆಳೆಯಿತು. ಸಹಪಾಠಿಗಳಿಂದ ತೊಂದರೆಯೇನೂ ಆಗಲಿಲ್ಲವಾದರೂ ಒಂಟಿತನ ಕಾಡಿತು. ಮಹಿಳೆಯರಿಗೂ ಪ್ರವೇಶವುಂಟೆಂದು ಪ್ರಕಟಿಸಿದ ಮೇಲೆ ಮರುವರ್ಷ ಪಿ. ಕೆ. ತ್ರೇಸ್ಯಾ ಮತ್ತು ಲೀಲಮ್ಮ ಜಾರ್ಜ್ ಸಿವಿಲ್ ವಿಭಾಗಕ್ಕೆ ಸೇರಿದರು. ಇವರಲ್ಲಿ ತ್ರೇಸ್ಯಾ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಇಂಜಿನಿಯರ್ ಆದರು.

೧೯೪೩ರಲ್ಲಿ ಲಲಿತಾ ಪದವೀಧರರಾದರು. ಪದವಿಪತ್ರದ ನಮೂನೆಯಲ್ಲಿ ಪುಲ್ಲಿಂಗದ ಸರ್ವನಾಮ ಮಾತ್ರ ಅಚ್ಚಾಗಿದ್ದುದರಿಂದ ಅದನ್ನು ಹೊಡೆದುಹಾಕಿ ಸ್ತ್ರೀಲಿಂಗದ ರೂಪವನ್ನು ಬರೆಯಬೇಕಾಯಿತು.

ವೃತ್ತಿಜೀವನ

ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ಒಂದು ವರ್ಷ ತರಬೇತಿ ಪಡೆದು, ಸಿಮ್ಲಾದ ಕೇಂದ್ರ ಮಾನಕ ಸಂಸ್ಥೆಯಲ್ಲಿ ಇಂಜಿನಿಯರಿಂಗ್ ಸಹಾಯಕಿಯಾಗಿ ಕೆಲಸ ಮಾಡಿದರು. ೧೯೪೬ರ ಕೊನೆಯಲ್ಲಿ ಅದನ್ನು ಬಿಟ್ಟು ತಂದೆಯ ಸಂಶೋಧನೆಗಳಿಗೆ ನೆರವಾದರು. ಅವರು ರೂಪಿಸುತ್ತಿದ್ದ ವಸ್ತುಗಳಲ್ಲಿ ವಿದ್ಯುತ್ ಸಂಗೀತವಾದ್ಯವೂ ಹೊಗೆರಹಿತ ಒಲೆಯೂ ಇದ್ದವು. ಆದರೆ ಹಣದ ಅಗತ್ಯವಿತ್ತು. ೧೯೪೮ರಲ್ಲಿ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿದರು. ಅಣ್ಣನ ಕುಟುಂಬ ಅದೇ ನಗರದಲ್ಲಿದ್ದುದು ಮಗಳನ್ನು ಬೆಳೆಸಲು ಅನುಕೂಲವಾಯಿತು. ಅವರು ಮರುಮದುವೆಯಾಗಲಿಲ್ಲ.

ವಿದ್ಯುತ್ ಪ್ರಸರಣ ಮಾರ್ಗಗಳ ವಿನ್ಯಾಸ, ಉಪಕೇಂದ್ರಗಳ ನಕ್ಷೆ, ರಕ್ಷಣಾ ಸಾಧನಗಳು ಇವರ ಕಾರ್ಯಕ್ಷೇತ್ರವಾಗಿದ್ದವು. ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುಜ್ಜನಕಗಳಿಗೆ ಸಂಬಂಧಿಸಿದ ಕೆಲಸ ಇವುಗಳಲ್ಲಿ ಪ್ರಸಿದ್ಧವಾದುದು.

ಲಂಡನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಎಲೆಕ್ಟ್ರಿಕಲ್ ಇಂಜಿನಿಯರ್ಸ್ ಸಂಸ್ಥೆ ೧೯೫೩ರಲ್ಲಿ ಸಹ ಸದಸ್ಯತ್ವವನ್ನೂ ೧೯೬೬ರಲ್ಲಿ ಪೂರ್ಣ ಸದಸ್ಯತ್ವವನ್ನೂ ನೀಡಿತು. ೧೯೬೪ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮಹಿಳಾ ಇಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಇವರಿಗೆ ಆಹ್ವಾನ ಬಂತು. ಭಾರತದಲ್ಲಿ ಅಂಥ ಸಂಘಟನೆಯ ಶಾಖೆ ಇಲ್ಲದ ಕಾರಣ ವೈಯಕ್ತಿಕ ನೆಲೆಯಲ್ಲೇ ಭಾಗವಹಿಸಿದರು. ಮರುವರ್ಷ ಲಂಡನ್ನಿನ ಮಹಿಳಾ ಇಂಜಿನಿಯರಿಂಗ್ ಸೊಸೈಟಿಯ ಸದಸ್ಯರಾಗಿ, ೧೯೬೭ರ ಕೇಂಬ್ರಿಡ್ಜ್ ಸಮ್ಮೇಳನಕ್ಕೆ ಭಾರತದ ಪ್ರತಿನಿಧಿಯಾಗಿ ಶ್ರಮಿಸಿದರು.

೧೯೭೭ರಲ್ಲಿ ನಿವೃತ್ತರಾದ ಲಲಿತಾ, ಎರಡು ವರ್ಷಗಳ ನಂತರ ಮೆದುಳಿನ ರಕ್ತನಾಳದ ಊತದಿಂದ ಅರುವತ್ತನೆಯ ವಯಸ್ಸಿನಲ್ಲಿ ನಿಧನರಾದರು.