ಬಿದ್ದು ಬಿದ್ದು ನಗಿಸಿದವರ ಸುರಕ್ಷತಾ ಪಾಠ

ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ಇರುವವರಿಗೆ ಸುರಕ್ಷತಾ ತರಬೇತಿ ಹೇಗಿರುತ್ತದೆ ಎಂದು ವಿವರಿಸಬೇಕಿಲ್ಲ. ಮಧ್ಯಾಹ್ನದ ಊಟವಾದ ಮೇಲೆ ಒಂದು ಕೋಣೆ, ಗೋಡೆಯ ಮೇಲೆ ಸ್ಲೈಡುಗಳು, ಹೆಲ್ಮೆಟ್ ಹಾಕಿಕೊಳ್ಳಿ, ಏಣಿಯನ್ನು ಸರಿಯಾಗಿ ನಿಲ್ಲಿಸಿ ಎಂಬ ಮಾತುಗಳು. ಕೇಳುವವರಿಗೆ ತೂಕಡಿಕೆ. ಹೇಳುವವರಿಗೂ ಹೆಚ್ಚುಕಡಿಮೆ ಅದೇ.

1965ರಲ್ಲಿ ಕೆನಡಾದ ಆಂಟೇರಿಯೊ ಪ್ರಾಂತ್ಯದ ಕಟ್ಟಡ ಸುರಕ್ಷತಾ ಸಂಸ್ಥೆ ಬೇರೆ ದಾರಿ ಹಿಡಿಯಿತು. ಕೆಲಸಗಾರರಿಗೆ ನಿಯಮಗಳನ್ನು ತಿಳಿಸಲು ಸುಮಾರು ಅರ್ಧ ಗಂಟೆಯ ಒಂದು ಹಾಸ್ಯಚಿತ್ರ ಮಾಡಿಸಿತು. ಅದರ ಹೆಸರು 'ದಿ ಸ್ಕ್ರೈಬ್'. ನಟಿಸಲು ಟೊರಾಂಟೊಗೆ ಕರೆಸಿದ್ದು ಮೂಕಿಚಿತ್ರಗಳ ಕಾಲದ ಬಸ್ಟರ್ ಕೀಟನ್ ಅವರನ್ನು. ಆಗ ಅವರಿಗೆ ಎಪ್ಪತ್ತು ವರ್ಷ. ಮೈಮೇಲೆ ಮನೆಯ ಗೋಡೆಯನ್ನೇ ಬೀಳಿಸಿಕೊಂಡು, ಓಡುವ ರೈಲಿನ ಮೇಲೆ ಓಡಿ ಹೆಸರಾದವರು ಸುರಕ್ಷತೆಯ ಪಾಠ ಹೇಳುವುದೇ? ವಿಚಿತ್ರ ಆಯ್ಕೆ ಎನಿಸುತ್ತದೆ. ಆದರೆ ಅವರ ಬದುಕನ್ನು ನೋಡಿದರೆ ಇದಕ್ಕಿಂತ ಸರಿಯಾದ ಆಯ್ಕೆ ಇರಲಿಲ್ಲ ಎಂದೇ ನಮಗೆ ಅನಿಸುತ್ತದೆ.

ಕೀಟನ್ ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಅಮ್ಮ ಊರೂರು ಸುತ್ತಿ ರಂಗದ ಮೇಲೆ ಆಟ ಕಟ್ಟುವವರು. ಮೆಟ್ಟಿಲಿನಿಂದ ಉರುಳಿದರೂ ಏನೂ ಆಗದ ಈ ಮಗುವಿಗೆ ಜಾದೂಗಾರ ಹೌದಿನಿಯೇ 'ಬಸ್ಟರ್' ಎಂದು ಹೆಸರಿಟ್ಟರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಕೀಟನ್ ಕೂಡ ಅದನ್ನೇ ಹೇಳುತ್ತಿದ್ದರು. ಆದರೆ ಈ ಕಥೆಯ ಹಳೆಯ ರೂಪದಲ್ಲಿ ಹೆಸರಿಟ್ಟವರು ಬೇರೊಬ್ಬ ನಟ. ಹೌದಿನಿ ಕಥೆಯೊಳಗೆ ಬಂದದ್ದು ಆಮೇಲೆ.

ಮೂರ್ನಾಲ್ಕು ವರ್ಷಕ್ಕೇ ಹುಡುಗ ರಂಗ ಹತ್ತಿದ. ಅಪ್ಪ ಅವನನ್ನು ಎತ್ತಿ ಪರದೆಗೆ ಎಸೆಯುವುದೇ ಆಟದ ಮುಖ್ಯ ತಮಾಷೆ. ಹಿಡಿದು ಎಸೆಯಲು ಅನುಕೂಲವಾಗಲೆಂದು ಹುಡುಗನ ಅಂಗಿಯ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ಮಕ್ಕಳ ರಕ್ಷಣೆಯ ಸಂಘದವರು ಆಕ್ಷೇಪ ಎತ್ತಿದರು. ಪರೀಕ್ಷೆಯೂ ಆಯಿತು, ಮೈಮೇಲೆ ಗಾಯ ಕಾಣಲಿಲ್ಲ. ಇಂದು ಯಾರೂ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಆ ಹುಡುಗ ಮಾತ್ರ ಅಲ್ಲಿ ಎರಡು ಸಂಗತಿ ಕಲಿತ. ಬೀಳುವಾಗ ಮೈ ಬಿಗಿಹಿಡಿಯದೆ ಸಡಿಲ ಬಿಟ್ಟು, ಕೈಕಾಲಿನಿಂದ ಪೆಟ್ಟನ್ನು ಹಂಚಿಕೊಳ್ಳುವುದು ಒಂದು. ಬಿದ್ದವನು ನಗದಿದ್ದರೆ ಜನ ಹೆಚ್ಚು ನಗುತ್ತಾರೆ ಎಂಬುದು ಇನ್ನೊಂದು. ಮುಂದೆ ಅವರ ಗುರುತಾದ ಆ ಕಲ್ಲಿನಂಥ ಮುಖ ಬಂದಿದ್ದು ಇಲ್ಲಿಂದ.

1917ರಲ್ಲಿ ನ್ಯೂಯಾರ್ಕಿನಲ್ಲಿ ರಾಸ್ಕೋ ಆರ್ಬಕಲ್ ಎಂಬ ಹಾಸ್ಯನಟರ ಜೊತೆ ಸೇರಿ ಕೀಟನ್ ಸಿನಿಮಾಕ್ಕೆ ಬಂದರು. ಬಂದ ಹೊಸತರಲ್ಲೇ ಕ್ಯಾಮೆರಾ ಬಿಚ್ಚಿ ಜೋಡಿಸಿ ನೋಡಿದರಂತೆ. 1920ರಿಂದ ಎಂಟು ವರ್ಷ ತಮ್ಮದೇ ಚಿತ್ರಗಳನ್ನು ಮಾಡಿದರು. ಅವರ ಬಗ್ಗೆ ಜನ ತಪ್ಪಾಗಿ ತಿಳಿದಿರುವುದು ಈ ಕಾಲದ್ದೇ: ಜೀವದ ಹಂಗಿಲ್ಲದ ಹುಂಬ, ಅದೃಷ್ಟದಿಂದ ಬದುಕಿಕೊಂಡ ಎಂದು.

1928ರ 'ಸ್ಟೀಮ್‌ಬೋಟ್ ಬಿಲ್ ಜೂನಿಯರ್' ಚಿತ್ರದ ದೃಶ್ಯವನ್ನೇ ನೋಡೋಣ. ಬಿರುಗಾಳಿಗೆ ಎರಡಂತಸ್ತಿನ ಮನೆಯ ಮುಂಭಾಗದ ಗೋಡೆ ಪೂರ್ತಿಯಾಗಿ ಕೀಟನ್ ಮೇಲೆ ಬೀಳುತ್ತದೆ. ಮೇಲಿನ ಕಿಟಕಿಯ ಜಾಗ ಸರಿಯಾಗಿ ಅವರ ಮೇಲೆ ಬರುವುದರಿಂದ ಅವರು ನಿಂತಲ್ಲೇ ನಿಂತಿರುತ್ತಾರೆ. ಆ ಗೋಡೆ ಸುಮಾರು ಎರಡು ಟನ್ ಇತ್ತು ಎನ್ನುತ್ತಾರೆ.

ಇಲ್ಲಿರುವುದು ಶಾಲೆಯ ರೇಖಾಗಣಿತ. ಗೋಡೆ ಬುಡದಲ್ಲಿ ಬಾಗಿಲಿನ ಹಾಗೆ ತಿರುಗುತ್ತದೆ, ಆದ್ದರಿಂದ ನಾಲ್ಕು ಮೀಟರ್ ಎತ್ತರದಲ್ಲಿರುವ ಜಾಗ ಬುಡದಿಂದ ನಾಲ್ಕು ಮೀಟರ್ ದೂರದಲ್ಲೇ ಬಂದು ಬೀಳುತ್ತದೆ. ಅಲ್ಲಿ ನಿಂತರೆ ಸಾಕೇ? ಸಾಲದು. ಪಾದ ನೆಲದ ಮೇಲಿದ್ದರೂ ತಲೆ ಮೇಲಿರುತ್ತದಲ್ಲ. ನಿಂತವರ ಎತ್ತರ 1.65 ಮೀಟರ್ ಎಂದುಕೊಂಡರೆ, ಅವರ ತಲೆಗೆ ಎದುರಾಗುವುದು ಗೋಡೆಯ ಸುಮಾರು 4.33 ಮೀಟರ್ ಎತ್ತರದ ಭಾಗ. ಪೈಥಾಗೊರಸ್ ಪ್ರಮೇಯ ಹಾಕಿದರೆ ಉತ್ತರ ಸಿಗುತ್ತದೆ. ಅಂದರೆ ಕಿಟಕಿ ಒಬ್ಬ ಮನುಷ್ಯ ತೂರುವಷ್ಟಿದ್ದರೆ ಆಗದು, ಈ 33 ಸೆಂಟಿಮೀಟರನ್ನೂ ಸೇರಿಸಿಯೇ ಅಳೆಯಬೇಕು. (4 ಮೀಟರ್, 1.65 ಮೀಟರ್ ಎಂಬುದು ಲೆಕ್ಕ ತೋರಿಸಲು ನಾವು ಇಟ್ಟುಕೊಂಡ ಅಳತೆ, ಚಿತ್ರದ್ದಲ್ಲ.) ಕೀಟನ್‌ಗೆ ಉಳಿದಿದ್ದು ಕೆಲವೇ ಇಂಚುಗಳ ಅಂತರ. ಆದರೂ ಒಂದು ಕೂದಲೂ ಕೊಂಕಲಿಲ್ಲ.

ಪೆಟ್ಟಾಗಿದ್ದು ಸಾಧಾರಣ ಎನಿಸುವ ಜಾಗಗಳಲ್ಲಿ. 'ದಿ ಎಲೆಕ್ಟ್ರಿಕ್ ಹೌಸ್' ಚಿತ್ರದ ಮೊದಲ ಪ್ರಯತ್ನದಲ್ಲಿ ಎಸ್ಕಲೇಟರಿಗೆ ಕಾಲು ಸಿಕ್ಕಿ ಮುರಿಯಿತು. 1924ರ 'ಷರ್ಲಾಕ್ ಜೂನಿಯರ್'ನಲ್ಲಿ ರೈಲ್ವೆ ನೀರಿನ ತೊಟ್ಟಿಯ ಕೊಳವೆ ಹಿಡಿದು ಇಳಿಯಬೇಕಿತ್ತು. ನೀರಿನ ರಭಸ ಎಣಿಸಿದ್ದಕ್ಕಿಂತ ಹೆಚ್ಚಿತ್ತು. ಕೆಳಕ್ಕೆ ಬಿದ್ದ ಕೀಟನ್ ಅವರ ಕತ್ತು ಹಳಿಗೆ ಬಡಿಯಿತು. ಕೆಲವು ಕಾಲ ತಲೆನೋವಿನಲ್ಲಿ ನರಳಿದರು, ಚಿತ್ರವನ್ನೂ ಮುಗಿಸಿದರು. ಕತ್ತಿನ ಮೂಳೆ ಮುರಿದು ತಾನಾಗಿ ಕೂಡಿಕೊಂಡಿದೆ ಎಂದು ತಿಳಿದಿದ್ದು ಎಷ್ಟೋ ವರ್ಷದ ನಂತರ, ಎಕ್ಸ್‌ರೇ ತೆಗೆದಾಗ. ಎಲ್ಲರಿಗೂ ಹೀಗೆ ಕೂಡಿಕೊಳ್ಳುವುದಿಲ್ಲ. ಕತ್ತಿಗೆ ಪೆಟ್ಟು ಬಿದ್ದವರು ಎದ್ದು ಓಡಾಡುತ್ತಿದ್ದಾರೆ ಎಂದ ಮಾತ್ರಕ್ಕೆ ಮೂಳೆ ಮುರಿದಿಲ್ಲ ಎಂದು ತೀರ್ಮಾನಿಸಬೇಡಿ, ವೈದ್ಯರಿಗೆ ತೋರಿಸಿ.

1928ರಲ್ಲಿ ಎಂಜಿಎಂ ಕಂಪನಿ ಸೇರಿದ ಮೇಲೆ ಚಿತ್ರಗಳ ಮೇಲಿನ ಹಿಡಿತ ಕೈತಪ್ಪಿತು. ಕುಡಿತ ಹೆಚ್ಚಿತು, ಸಂಸಾರ ಒಡೆಯಿತು, 1933ರಲ್ಲಿ ಕೆಲಸವೂ ಹೋಯಿತು. 1940ರಲ್ಲಿ ಎಲೀನರ್ ಅವರನ್ನು ಮದುವೆಯಾದ ಮೇಲೆ ಬದುಕು ನಿಧಾನಕ್ಕೆ ಹಳಿಗೆ ಬಂತು. ವಯಸ್ಸಾದ ಮೇಲೆ ಜಾಹೀರಾತು, ಟಿವಿ, ಕಂಪನಿಗಳ ಕಿರುಚಿತ್ರ, ಯಾವುದಕ್ಕೂ ಅವರು ಮುಖ ಮುರಿಯಲಿಲ್ಲ. 1963ರಲ್ಲಿ ಕೊಡ್ಯಾಕ್ ಕ್ಯಾಮೆರಾಕ್ಕಾಗಿಯೂ ಒಂದು ಮಾಡಿದರು.

'ದಿ ಸ್ಕ್ರೈಬ್'ನಲ್ಲಿ ಅವರದು ಪತ್ರಿಕಾ ಕಚೇರಿಯ ಕಸ ಗುಡಿಸುವವನ ಪಾತ್ರ. ವರದಿಗಾರ ಇಲ್ಲದ ಹೊತ್ತಿನಲ್ಲಿ ಫೋನ್ ಎತ್ತಿ, ಕಟ್ಟಡದ ಕೆಲಸದ ಸುರಕ್ಷತೆ ಬಗ್ಗೆ ಬರೆಯಲು ತಾನೇ ಹೊರಡುತ್ತಾನೆ. ನಿಯಮಗಳ ಕುರಿತು ಕೆಲಸಗಾರರ ಬೆನ್ನು ಬೀಳುತ್ತಾನೆ, ಅವನ್ನು ತಾನೇ ಮುರಿಯುತ್ತಾ ಹೋಗುತ್ತಾನೆ. ನಗು ಹುಟ್ಟುವುದು ತಪ್ಪು ನಡೆದ ಕ್ಷಣದಲ್ಲೇ. ನಿಯಮ ನೆನಪಿಗೆ ಬರಬೇಕಾದ ಜಾಗವೂ ಅದೇ.

ಇದು ಸಣ್ಣ ವಿಷಯವಲ್ಲ. ನಗಿಸಿದರೆ ಪಾಠ ತಾನಾಗಿ ತಲೆಗೆ ಹತ್ತುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಕಾಲೇಜು ವಿದ್ಯಾರ್ಥಿಗಳಿಗೆ ಹಾಸ್ಯವಿದ್ದ, ಇಲ್ಲದ ಉಪನ್ಯಾಸಗಳನ್ನು ತೋರಿಸಿ ಆರು ವಾರದ ನಂತರ ಪರೀಕ್ಷಿಸಿದ ಒಂದು ಅಧ್ಯಯನ 1977ರಲ್ಲಿ ಪ್ರಕಟವಾಯಿತು. ಒಟ್ಟಾರೆ ಗ್ರಹಿಕೆ ಹೆಚ್ಚಿರಲಿಲ್ಲ. ಹಾಸ್ಯದ ಉದಾಹರಣೆ ಇದ್ದ ಅಂಶಗಳು ಮಾತ್ರ ಚೆನ್ನಾಗಿ ನೆನಪಿದ್ದವು. ತರಬೇತಿಯ ನಡುವೆ ಸಂಬಂಧವಿಲ್ಲದ ಜೋಕು ತುರುಕುವವರು ಇದನ್ನು ಗಮನಿಸಬೇಕು.

1972ರಲ್ಲಿ ಲಂಡನ್ನಿನಲ್ಲಿ ಜಾನ್ ಕ್ಲೀಸ್, ಆಂಟನಿ ಜೇ ಮೊದಲಾದವರು ಕಟ್ಟಿದ ವಿಡಿಯೊ ಆರ್ಟ್ಸ್ ಕಂಪನಿ ಇದೇ ಜಾಡಿನಲ್ಲಿ ನಡೆಯಿತು. ಸಭೆ ನಡೆಸಲು ಬಾರದ ಮ್ಯಾನೇಜರ್ ಕನಸಿನಲ್ಲಿ ಕೋರ್ಟಿನ ಕಟಕಟೆ ಹತ್ತುವ ಅವರ 1976ರ ಚಿತ್ರವನ್ನು ಕಚೇರಿಗಳಲ್ಲಿ ಎಷ್ಟೋ ವರ್ಷ ತೋರಿಸಿದರು.

ಕೀಟನ್ ಇದನ್ನೆಲ್ಲ ನೋಡಲಿಲ್ಲ. ಟೊರಾಂಟೊದಲ್ಲಿ ನಟಿಸುವಾಗಲೇ ಅವರ ಆರೋಗ್ಯ ಕೆಟ್ಟಿತ್ತು. ದಶಕಗಳ ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ತಂದಿತ್ತು. ಕಾಯಿಲೆಯ ಹೆಸರನ್ನು ರೋಗಿಗೆ ಹೇಳದಿರುವುದು ಆಗಿನ ಪದ್ಧತಿ, ಅವರಿಗೂ ಹೇಳಿರಲಿಲ್ಲ. ಕೊನೆಯ ಹೊತ್ತಿನಲ್ಲೂ ಇಸ್ಪೀಟು ಆಡುತ್ತಿದ್ದ ಕೀಟನ್ 1966ರ ಫೆಬ್ರವರಿ 1ರಂದು ತೀರಿಕೊಂಡರು. ತಲೆಗೆ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹೇಳುವ ಅವರ ಚಿತ್ರ ಕೆಲಸಗಾರರ ಮುಂದೆ ಓಡಿದ್ದು ಅದೇ ವರ್ಷ.