ವೈದ್ಯಾಚಾರ್ಯ ಶ್ರೀ ಉಗ್ರಾದಿತ್ಯರು

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನಗಳು ಶ್ರಾವಕನಿಗೆ ವಿಹಿತವಾದವು. ಇವುಗಳಲ್ಲಿ ಔಷಧದಾನಕ್ಕೂ ಅಭಯದಾನಕ್ಕೂ ವಿರೋಧ ಬಂದರೆ ಮಾಡುವುದೇನು? ರೋಗಿಯೊಬ್ಬನ ಜೀವವನ್ನುಳಿಸಲು ಇನ್ನೊಂದು ಜೀವವನ್ನು ಕೊಲ್ಲಬಹುದೇ? ಈ ಕಠಿಣ ಪ್ರಶ್ನೆಯನ್ನು ಎದುರಿಸಿದ ಮಹಾನುಭಾವರೇ ‘ಕಲ್ಯಾಣಕಾರಕ’ದ ಕರ್ತೃಗಳಾದ ಉಗ್ರಾದಿತ್ಯಾಚಾರ್ಯರು.

ಕ್ರಿ.ಶ. 9ನೆಯ ಶತಮಾನದಲ್ಲಿದ್ದ ಇವರು ಶ್ರೀನಂದಿ ಮುನಿಗಳ ಶಿಷ್ಯರು. ದ್ವಾದಶಾಂಗದ ಪ್ರಾಣಾವಾಯ ಪೂರ್ವದಿಂದ ಹರಿದುಬಂದ ವೈದ್ಯವಿದ್ಯೆಯನ್ನು ಗುರುಮುಖದಿಂದ ಅರಿತು, ರಾಮಗಿರಿಯ ಜಿನಾಲಯದಲ್ಲಿ ಕುಳಿತು ಸಂಸ್ಕೃತದಲ್ಲಿ ಈ ಗ್ರಂಥವನ್ನು ರಚಿಸಿದರು. ತಮಗಿಂತ ಹಿಂದಿನವರನ್ನು ಅವರು ಮರೆತವರಲ್ಲ. ಶಾಲಾಕ್ಯಕ್ಕೆ ಪೂಜ್ಯಪಾದರು, ಶಲ್ಯಕ್ಕೆ ಪಾತ್ರಸ್ವಾಮಿಗಳು, ವಿಷಚಿಕಿತ್ಸೆಗೆ ಸಿದ್ಧಸೇನರು, ಬಾಲರೋಗಕ್ಕೆ ಮೇಘನಾದರು, ಅಷ್ಟಾಂಗಕ್ಕೆಲ್ಲ ಸಮಂತಭದ್ರರು ಎಂದು ಒಬ್ಬೊಬ್ಬರ ಋಣವನ್ನೂ ಲೆಕ್ಕವಿಟ್ಟಂತೆ ಸ್ಮರಿಸಿದ್ದಾರೆ. ಆ ಪೂರ್ವಾಚಾರ್ಯರ ವೈದ್ಯಗ್ರಂಥಗಳಲ್ಲಿ ಹೆಚ್ಚಿನವು ಇಂದು ದೊರೆಯುವುದಿಲ್ಲವಾದ್ದರಿಂದ ಈ ಸ್ಮರಣೆಯೇ ನಮಗೆ ದೊಡ್ಡ ಆಸ್ತಿ.

ಗ್ರಂಥದಲ್ಲಿ 25 ಪರಿಚ್ಛೇದಗಳು. ಕೊನೆಗೆ ರಿಷ್ಟಾಧ್ಯಾಯ, ಹಿತಾಹಿತಾಧ್ಯಾಯಗಳು. ಚರಕ, ಸುಶ್ರುತರ ಸಂಹಿತೆಗಳು ಕೆಲವು ರೋಗಗಳಿಗೆ ಮಾಂಸರಸವನ್ನು ವಿಧಿಸುತ್ತವೆ. ಆ ಪ್ರಮಾಣದ ಮುಂದೆ ಬೇರೆ ಮಾತನಾಡುವುದು ಅಂದು ಸುಲಭವಾಗಿರಲಿಲ್ಲ. ಆದರೂ ಆಚಾರ್ಯರು ನೃಪತುಂಗನ ಆಸ್ಥಾನಕ್ಕೆ ಹೋಗಿ, ವೈದ್ಯರೂ ವಿದ್ವಾಂಸರೂ ತುಂಬಿದ ಸಭೆಯಲ್ಲಿ ಮಾಂಸವು ಔಷಧವಲ್ಲವೆಂದು ವಾದಿಸಿದರು. ಕೇವಲ ಪಾಪಭಯವನ್ನು ಮುಂದಿಡದೆ, ವೈದ್ಯರಿಗೆ ವೈದ್ಯಶಾಸ್ತ್ರದ ಯುಕ್ತಿಯಿಂದಲೇ ಉತ್ತರವಿತ್ತುದು ಅವರ ಹಿರಿಮೆ. ಆ ವಾದವೇ ಹಿತಾಹಿತಾಧ್ಯಾಯ. ಈ ನೃಪತುಂಗನು ಮಾನ್ಯಖೇಟದಲ್ಲಿ ಆಳಿದ, ಜಿನಸೇನಾಚಾರ್ಯರ ಭಕ್ತನಾದ ಅಮೋಘವರ್ಷನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಈ ದಾರಿ ಕನ್ನಡದಲ್ಲಿಯೂ ಮುಂದುವರಿಯಿತು. 12ನೆಯ ಶತಮಾನದಲ್ಲಿ ಕೀರ್ತಿವರ್ಮನು ಮೂಕಪ್ರಾಣಿಗಳಿಗಾಗಿ ‘ಗೋವೈದ್ಯ’ವನ್ನು ಬರೆದನು, ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯಕ್ಕೆಂದೇ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು.

ಉಗ್ರಾದಿತ್ಯರ ಗ್ರಂಥವಾದರೋ ಬಹುಕಾಲ ಕೈಬರಹದ ಪ್ರತಿಗಳಲ್ಲಿಯೇ ಉಳಿದು, 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ ಸೊಲ್ಲಾಪುರದಲ್ಲಿ ಅಚ್ಚಾಯಿತು. ಸಾವಿರ ವರ್ಷಕ್ಕೂ ಮಿಕ್ಕಿ ಅದನ್ನು ಪ್ರತಿಮಾಡುತ್ತ ಬಂದ ಲಿಪಿಕಾರರ ಹೆಸರು ಯಾರ ನಾಲಗೆಯಲ್ಲಿಯೂ ಇಲ್ಲ. ಶಾಸ್ತ್ರದಾನವೆಂದರೆ ಅವರದು.

ಚಾರ್ಮಾಡಿ ಘಟ್ಟದ ಬುಡದ ಮುಂಡಾಜೆಯಂತಹ ಊರುಗಳಲ್ಲಿ ಅಮೃತಬಳ್ಳಿ, ನೆಲನೆಲ್ಲಿ, ಒಂದೆಲಗಗಳು ಅಂಗಳದಲ್ಲಿಯೇ ಬೆಳೆಯುತ್ತವೆ. ಕಷಾಯಕ್ಕೆ ಬೇಕಾದಷ್ಟೇ ಎಲೆಯನ್ನು ಚಿವುಟಿ, ಬೇರನ್ನು ಮಣ್ಣಿನಲ್ಲಿ ಬಿಟ್ಟುಬರುವ ಹಿರಿಯರು ಇಲ್ಲಿ ಇನ್ನೂ ಇದ್ದಾರೆ.